ರಾಜಕುಮಾರಿಯ ಚಾ, ನಮ್ಮ ಕಪ್ಪು-ಬಶಿ

ಹೋದ ವರ್ಷ ನಮ್ಮ ಶಾಲೆಯ ಸಣ್ಣ ಮಕ್ಕಳನ್ನೂ ಅವರ ತಾಯಿ-ತಂದೆಯರನ್ನೂ ಕರಕೊಂಡು ಸನ್ನತಿಗೆ ಹೋಗಿದ್ದೆವು. ಚಿತ್ತಾಪುರ ಸೀಮೆಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಇರುವ ಊರು ಅದು. ಮಾಸ್ತರರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಅಶೋಕನ ಶಾಸನದ ಸಲುವಾಗಿ. ಬೇರೆಯವರು ಹೋಗುವುದು ಚಂದ್ರಲಾಂಬೆಗೆ ಕಾಯಿ ಒಡೆಸಲಿಕ್ಕೆ. ನಾವು ಹೋದದ್ದು ಚಾ ಕುಡಿಯಲಿಕ್ಕೆ.

ಇದಕ್ಕೆಲ್ಲ ಕಾರಣ ಮೂರನೇ ಇಯತ್ತೆಯ ಒಬ್ಬ ಹುಡುಗಿ. ಅವರ ಮಾಮನ ಮೊಬೈಲಿನಲ್ಲಿ ಯಾವುದೋ ದೂರದ ಶಹರದ ಚಿತ್ರ ನೋಡಿ ಬಂದಿದ್ದಳು. ದೊಡ್ಡ ಹೋಟೆಲು. ಪುಟ್ಟ ಹುಡುಗಿಯರೆಲ್ಲ ತಲೆಗೆ ಕಿರೀಟ ಇಟ್ಟುಕೊಂಡು, ನೆಲ ಗುಡಿಸುವಂಥ ಗುಲಾಬಿ ಬಣ್ಣದ ಲಂಗ ತೊಟ್ಟು, ರಾಜಕುಮಾರಿಯರಾಗಿ ಕುಂತಾರೆ. ಬಾಜೂಕ ಅಪ್ಪ, ಅವ್ವ. ಮುಂದೆ ಹೂವಿನ ಚಿತ್ತಾರದ ಕಪ್ಪು-ಬಶಿ. ಹಿಂದೆ ಸಮವಸ್ತ್ರ ತೊಟ್ಟವನೊಬ್ಬ ಕೆಟಲಿ ಹಿಡಕೊಂಡು ನಿಂತಾನೆ. ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಚಾ ಹಾಕುತ್ತಾನೆ.

"ಸರ, ನಾವೂ ಹಿಂಗ ಕುಂತು ಚಾ ಕುಡಿಯೂನ್ರಿ" ಅಂದಳು.

ನನ್ನ ಸಂಗಡಿಗ ಮಾಸ್ತರರೊಬ್ಬರು ನಕ್ಕು, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರು. ನಾನೂ ನಕ್ಕೆ. ಕೇರಿಯ ಹುಡುಗಿ, ತಾಯಿ ಕೂಲಿ, ತಂದೆ ಫರ್ಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನು, ಇವಳಿಗೆ ರಾಜಕುಮಾರಿಯ ಹುಚ್ಚು. ರಾಜರು ಬೇಡ, ರಾಣಿಯರು ಬೇಡ ಅಂತ ಭಾಷಣ ಮಾಡಿ ಬೆಳೆದವರು ನಾವು. ಆದರೆ ರಾತ್ರಿ ಮಲಗಿದಾಗ ಆ ನಗು ಯಾಕೋ ಗಂಟಲಲ್ಲಿ ಸಿಕ್ಕಿಕೊಂಡಿತು. ಹುಡುಗಿ ಕೇಳಿದ್ದು ನಿಜವಾಗಿ ಏನು? ಕಿರೀಟವನ್ನೇ? ಅಥವಾ ಒಬ್ಬರು ಬಗ್ಗಿ ತನ್ನ ಕಪ್ಪಿಗೆ ಚಾ ಹಾಕಬೇಕು, ತಾನು ಅಪ್ಪ ಅವ್ವನ ಜೊತೆ ಕುಂತು ಅದನ್ನು ಕುಡಿಯಬೇಕು ಅನ್ನುವುದನ್ನೇ? ಎರಡನೆಯದಾದರೆ, ಅದು ಹುಚ್ಚಲ್ಲ. ನಮ್ಮ ಜನ ಅದನ್ನು ಕೇಳಲಿಕ್ಕೆ ಹತ್ತಿ ಬಹಳ ಕಾಲವಾಯಿತು. ಹಂಗಾಗಿ ಈ ಚಾ, ಈ ರಾಜಕುಮಾರಿ, ಈ ಕಪ್ಪು ಎಲ್ಲಿಂದ ಬಂದವು ಅಂತ ಸ್ವಲ್ಪ ಹುಡುಕಿದೆ.

ಇಂಗ್ಲೆಂಡಿನ ಅರಮನೆಯಲ್ಲಿ ಚಾ ಕುಡಿಯುವ ರೂಢಿ ಹಬ್ಬಿಸಿದವಳು ಅಂತ ಹೆಸರಾದವಳು ನಿಜವಾಗಿಯೂ ಒಬ್ಬ ರಾಜಕುಮಾರಿಯೇ. ಪೋರ್ಚುಗಲ್ ದೊರೆಯ ಮಗಳು, ಬ್ರಗಾಂಜಾ ಮನೆತನದ ಕ್ಯಾಥರೀನ್. 1662ರಲ್ಲಿ ಇವಳು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯನ್ನು ಮದುವೆಯಾದಳು. ಲಂಡನ್ನಿನ ಅಂಗಡಿಗಳಲ್ಲಿ ಚಾ ಅದಕ್ಕಿಂತ ಮೊದಲೇ ಸಿಗುತ್ತಿತ್ತು. ಆದರೆ ರಾಣಿ ಕುಡಿಯುತ್ತಾಳೆ ಅಂದ ಮೇಲೆ ದೊಡ್ಡಮನೆಯ ಹೆಂಗಸರೆಲ್ಲ ಕುಡಿಯತೊಡಗಿದರು. ಇಷ್ಟು ಕಥೆಯನ್ನು ಇಂಗ್ಲಿಷ್ ಪುಸ್ತಕಗಳು ಬಹಳ ಚಂದ ಮಾಡಿ ಹೇಳುತ್ತವೆ. ನಮಗೆ ಬೇಕಾದದ್ದು ಇನ್ನೊಂದಿದೆ. ಆ ಮದುವೆಯಲ್ಲಿ ವರದಕ್ಷಿಣೆ ಅಂತ ಕೊಟ್ಟ ಆಸ್ತಿಯಲ್ಲಿ ಮುಂಬಯಿಯೂ ಒಂದು. ಅಲ್ಲಿನ ಕೋಳಿ ಬೆಸ್ತರನ್ನು ಯಾರೂ ಕೇಳಲಿಲ್ಲ. ದ್ವೀಪ, ದೋಣಿ, ಬಲೆ, ಜನ ಎಲ್ಲ ಸೇರಿ ಒಂದು ಹೆಣ್ಣಿನ ಬಳುವಳಿ. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ.

ಮುಂಬಯಿಯಿಂದ ನಮ್ಮ ಸೀಮೆಗೆ ದಾರಿ ತೆರೆದದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಕಲಬುರಗಿ, ಶಹಾಬಾದ, ವಾಡಿ ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಳಿ ಶುರುವಾಯಿತು. ವಾಡಿ ಜಂಕ್ಷನ್ ಆಯಿತು. ನಮ್ಮ ಫರ್ಸಿ ಕಲ್ಲು ಆ ರೈಲಿನಲ್ಲಿ ಹೊರಗೆ ಹೋಯಿತು. ಮುಂಬಯಿ, ಪುಣೆ, ಹೈದರಾಬಾದಿನ ಎಷ್ಟೋ ಮನೆಗಳ ನೆಲ ಇವತ್ತಿಗೂ ಶಹಾಬಾದ್ ಕಲ್ಲೇ. ಆ ರೈಲಿನಲ್ಲೇ ಒಳಗೆ ಬಂದದ್ದರಲ್ಲಿ ಚಾ ಪುಡಿಯೂ ಒಂದು. ರಾಜಕುಮಾರಿಯ ಬಳುವಳಿಯಾದ ಊರಿನಿಂದ, ರಾಜಕುಮಾರಿ ಹಚ್ಚಿದ ಚಟ. ಇತಿಹಾಸಕ್ಕೆ ಇಂಥ ಕುಚೋದ್ಯ ಬಹಳ.

ಈ ನಡುವೆ ಚಾದ ಎಲೆ ಯಾರ ಬೆರಳಿನಿಂದ ಬಂತು ಅನ್ನುವುದನ್ನು ಆ ಚಂದದ ಪುಸ್ತಕಗಳು ಹೇಳುವುದಿಲ್ಲ. ಇಂಗ್ಲಿಷರು ಚೀನಾದ ಚಾಕ್ಕೆ ಬೆಳ್ಳಿ ಕೊಟ್ಟು ಕೊಟ್ಟು ಸಾಕಾಗಿ, ನಮ್ಮ ದೇಶದ ರೈತರಿಂದ ಅಫೀಮು ಬೆಳೆಸಿ ಅಲ್ಲಿಗೆ ಸಾಗಿಸಿದರು. ಚೀನಾ ಬೇಡ ಅಂದಾಗ 1839ರಿಂದ 1842ರವರೆಗೆ ಯುದ್ಧ ಮಾಡಿದರು. ಚಾಕ್ಕೆ ಹಾಕುವ ಸಕ್ಕರೆ ಕರಿಯ ಗುಲಾಮರು ಕಡಿದ ಕಬ್ಬಿನದು. ಅದೇ 1839ರಲ್ಲಿ ಅಸ್ಸಾಂ ಕಂಪನಿ ಹುಟ್ಟಿತು. ತೋಟಕ್ಕೆ ಆಳು ಬೇಕು. ಛೋಟಾ ನಾಗಪುರದ ಆದಿವಾಸಿಗಳನ್ನು ಗಾಡಿ, ಹಡಗು ತುಂಬಿ ಒಯ್ದರು. ಕರಾರು ಮುರಿದ ಕೂಲಿಯನ್ನು ಸೆರೆಗೆ ಹಾಕಲಿಕ್ಕೆ 1859ರ ಕಾಯ್ದೆ. ಓಡಿಹೋದವನನ್ನು ವಾರಂಟ್ ಇಲ್ಲದೆ ತೋಟದ ದೊರೆಯೇ ಹಿಡಿಯಲಿಕ್ಕೆ 1865ರ ಕಾಯ್ದೆ. ದಕ್ಷಿಣದ ಬೆಟ್ಟಗಳಲ್ಲಿ ತಮಿಳು ಸೀಮೆಯ ದಲಿತರು. ವಾಲ್ಪಾರೈ ತೋಟಗಳಲ್ಲಿ ವೈದ್ಯರಾಗಿದ್ದ ಪಿ.ಎಚ್. ಡೇನಿಯಲ್ ಅವರ ಬಾಳನ್ನು ಕಂಡು 1969ರಲ್ಲಿ ಒಂದು ಕಾದಂಬರಿ ಬರೆದರು. ಹೆಸರು 'ರೆಡ್ ಟೀ'. ಕೆಂಪು ಚಾ. ಯಾಕೆ ಕೆಂಪು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಕ್ಕಳ ಔತಣದ ಮಾತು. 1887ರ ಜೂನ್ ತಿಂಗಳಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷ ತುಂಬಿದ ಸಂಭ್ರಮಕ್ಕೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು 30 ಸಾವಿರ ಶಾಲಾ ಮಕ್ಕಳಿಗೆ ತಿಂಡಿ ಕೊಟ್ಟರು. ಪ್ರತಿ ಮಗುವಿಗೂ ರಾಣಿಯ ಚಿತ್ರವಿದ್ದ ಒಂದು ಕಪ್ಪು. ಅದನ್ನು ಮನೆಗೆ ಒಯ್ಯಬಹುದಿತ್ತು. ಕಪ್ಪು ಒಂದೇ ಬಗೆಯದು. ಇಂಗ್ಲೆಂಡಿನ ದೊರೆಗಳು ನಮಗೇನೂ ನೆಂಟರಲ್ಲ, ಅವರ ಗುಣಗಾನ ಮಾಡಲಿಕ್ಕೆ ಇದನ್ನು ಹೇಳುತ್ತಿಲ್ಲ. ಆ ಒಂದೇ ಬಗೆಯ ಕಪ್ಪು ನೆನಪಿರಲಿ ಅಂತ ಹೇಳಿದೆ.

ಯಾಕೆಂದರೆ ಇದಾದ 14 ವರ್ಷಕ್ಕೆ ಅದೇ ರಾಣಿಯ ರಾಜ್ಯದಲ್ಲಿ, ನಮ್ಮ ನೆರೆಯ ಸಾತಾರಾ ಜಿಲ್ಲೆಯಲ್ಲಿ, ಇನ್ನೊಂದು ಮಕ್ಕಳ ಪ್ರವಾಸ ನಡೆಯಿತು. ಅದು 1901. ರಾಣಿ ಸತ್ತ ವರ್ಷ. ದೊಡ್ಡ ಬರ ಆಗಷ್ಟೇ ದೇಶವನ್ನು ಹುರಿದು ಹಾಕಿತ್ತು. ಕೋರೆಗಾಂವದಲ್ಲಿ ಬರಗಾಲದ ಕೂಲಿಯಿಂದ ಕೆರೆ ತೋಡಿಸುವ ಸರಕಾರಿ ಕೆಲಸ ನಡೆದಿತ್ತು. ಅಲ್ಲಿ ಕ್ಯಾಶಿಯರ್ ಆಗಿದ್ದ ತಂದೆ, ಸೂಟಿಯಲ್ಲಿ ಬರ್ರಿ ಅಂತ ಮಕ್ಕಳಿಗೆ ಕಾಗದ ಬರೆದ. ತಾಯಿ ಇಲ್ಲದ ಮಕ್ಕಳು. ಭೀಮರಾವ್ ಅನ್ನುವ ಹತ್ತು ವರ್ಷದ ಹುಡುಗ, ಅವನ ಅಣ್ಣ, ತೀರಿಹೋದ ಅಕ್ಕನ ಮಕ್ಕಳು. ರೈಲು ಹತ್ತುವುದೇ ದೊಡ್ಡ ಹಬ್ಬ. ಹೊಸ ಇಂಗ್ಲಿಷ್ ಅಂಗಿ, ಮಿರಿಮಿರಿ ಟೊಪ್ಪಿಗೆ, ರೇಷ್ಮೆ ಅಂಚಿನ ಧೋತರ, ಹೊಸ ಬೂಟು. ನೋಡಿದವರು ಯಾರೋ ಸಾಹುಕಾರರ ಮಕ್ಕಳು, ರಾಜಕುಮಾರರು ಅನ್ನಬೇಕು. ಬುತ್ತಿ ಕಟ್ಟಿಸಿಕೊಂಡು ಹೊರಟರು.

ಸಂಜೆ ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲಿಕ್ಕೆ ಯಾರೂ ಬಂದಿಲ್ಲ. ಬರುತ್ತೇವೆ ಅಂತ ಬರೆದ ಕಾಗದ ತಂದೆಗೆ ಮುಟ್ಟಿರಲಿಲ್ಲ. ಸ್ಟೇಷನ್ ಮಾಸ್ತರ ಮೊದಲು ಪ್ರೀತಿಯಿಂದಲೇ ಕೇಳಿದ, ಯಾರಪ್ಪಾ ನೀವು ಅಂತ. ಹುಡುಗರು ಯೋಚನೆ ಮಾಡದೆ, ಮಹಾರರು ಅಂದುಬಿಟ್ಟರು. ಅವನ ಮುಖವೇ ಬದಲಾಯಿತು. ಸ್ಟೇಷನ್ನಿನ ಹೊರಗೆ ಬಾಡಿಗೆ ಗಾಡಿಗಳು ಸಾಲಾಗಿ ನಿಂತಿವೆ, ಒಬ್ಬನೂ ಹತ್ತಿಸಿಕೊಳ್ಳಲೊಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಹುಡುಗರೇ ಗಾಡಿ ಹೊಡೆಯಬೇಕು, ಅವನು ಬಾಜೂಕ ನಡೆದು ಬರುತ್ತಾನೆ! ದಾರಿಯಲ್ಲಿ ಬುತ್ತಿ ಬಿಚ್ಚಿದರೆ ಕುಡಿಯಲಿಕ್ಕೆ ನೀರಿಲ್ಲ. ಸಿಕ್ಕ ನೀರು ದನದ ಗಂಜಳ, ಸೆಗಣಿ ಕಲಸಿದ್ದು. ಊಟ ಅರ್ಧಕ್ಕೇ ಬಿಟ್ಟರು. ಮಧ್ಯರಾತ್ರಿ ಸುಂಕದ ಕಟ್ಟೆಗೆ ಬಂದಾಗ, ನಾವು ಮುಸಲ್ಮಾನರು ಅಂತ ಉರ್ದುವಿನಲ್ಲಿ ಸುಳ್ಳು ಹೇಳಿ ನೀರು ಕೇಳಿದರು. ಕಟ್ಟೆಯವನು ನಂಬಲಿಲ್ಲ. ಇವರಿಗಾಗಿ ಯಾರೂ ನೀರು ತುಂಬಿಟ್ಟಿಲ್ಲ, ಬೇಕಾದರೆ ಗುಡ್ಡ ಹತ್ತಿ ತಂದುಕೊಳ್ಳಲಿ ಅಂದ. ಕೈಯಲ್ಲಿ ಅನ್ನವಿದ್ದೂ ನೀರಿಲ್ಲದ್ದಕ್ಕೆ ಆ ಮಕ್ಕಳು ಉಪವಾಸ ಮಲಗಿದರು.

ಇದನ್ನು ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಚಿಕ್ಕ ಬರಹದಲ್ಲಿ ತಾವೇ ಬರೆದಿಟ್ಟಿದ್ದಾರೆ. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. ನಮ್ಮ ಗೆಳೆಯರು ಬಹಳ ಮಂದಿ ಓದಿದ್ದಾರೆ. ಆದರೆ ಎಲ್ಲರೂ ನೀರಿನ ಮಾತನ್ನೇ ಹೇಳುತ್ತಾರೆ. ನಾನು ಈ ಸಲ ಓದುವಾಗ ಆ ಟೊಪ್ಪಿಗೆಯ ಹತ್ತಿರ ನಿಂತುಬಿಟ್ಟೆ. ಮುಂದೆ ನಲವತ್ತು ದಾಟಿದ ಮೇಲೂ, ಲೋಕದ ಕಾನೂನು ಪುಸ್ತಕಗಳನ್ನೆಲ್ಲ ಓದಿದ ಮೇಲೂ, ಆ ಮನುಷ್ಯನಿಗೆ ಹತ್ತನೇ ವರ್ಷದಲ್ಲಿ ಹಾಕಿಕೊಂಡ ಮಿರಿಮಿರಿ ಟೊಪ್ಪಿಗೆ ಮರೆತಿರಲಿಲ್ಲ. ಮಕ್ಕಳು ಸಿಂಗಾರ ಮಾಡಿಕೊಂಡು ಹೊರಡುವುದು ಹುಚ್ಚು ಅಂತ ಅನ್ನುವವರು ಮೊದಲು ಇದನ್ನು ಓದಬೇಕು. ಸಿಂಗಾರದಲ್ಲಿ ತಪ್ಪಿರಲಿಲ್ಲ. ಟೊಪ್ಪಿಗೆ ನೋಡಿ ಪ್ರೀತಿ ಮಾಡಿದವನು ಜಾತಿ ಕೇಳಿ ಮುಖ ತಿರುವಿದ, ತಪ್ಪು ಅಲ್ಲಿತ್ತು.

ನಮ್ಮದು ನಿಜಾಮನ ಸೀಮೆ, ಆದ್ದರಿಂದ ನಮಗೂ ರಾಜಕುಮಾರಿಯರಿದ್ದರು. ಟರ್ಕಿಯ ಕೊನೆಯ ಖಲೀಫನ ಮಗಳು ದುರ್ರುಶೆಹವಾರ್, ಅವಳ ಬಂಧು ನೀಲೂಫರ್, ಇಬ್ಬರನ್ನೂ ನಿಜಾಮ ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಂಡದ್ದು 1931ರ ನವೆಂಬರಿನಲ್ಲಿ. ಮದುವೆ ಆದದ್ದು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ. ಇತ್ತ ನಮ್ಮ ಹಳ್ಳಿಗಳಲ್ಲಿ ವೆಟ್ಟಿಚಾಕರಿ, ಜೀತ. ರಾಜಕುಮಾರಿಯರ ಫೋಟೋ ಪತ್ರಿಕೆಗಳಲ್ಲಿ, ನಮ್ಮವರು ದೊಡ್ಡವರ ದನದ ಕೊಟ್ಟಿಗೆಗಳಲ್ಲಿ. ಒಂದು ಮಾತು ಮಾತ್ರ ಹೇಳಬೇಕು. ನೀಲೂಫರಳ ದಾಸಿಯೊಬ್ಬಳು ಹೆರಿಗೆಯಲ್ಲಿ ಸತ್ತಳು. ಆ ಸಂಕಟದಿಂದ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆ ಆಗಬೇಕು ಅಂತ ನೀಲೂಫರ್ ಹಟ ಹಿಡಿದಳು. 1953ರಲ್ಲಿ ಶುರುವಾದ ಆ ಆಸ್ಪತ್ರೆಗೆ ನಮ್ಮ ಸೇಡಂ, ಚಿಂಚೋಳಿ ಕಡೆಯವರು ಇವತ್ತಿಗೂ ಕೂಸುಗಳನ್ನು ಎತ್ತಿಕೊಂಡು ಹೈದರಾಬಾದಿಗೆ ಓಡುತ್ತಾರೆ. ಅದು ರಾಜಕುಮಾರಿಯ ಹೆಸರಲ್ಲಿದೆ, ಸತ್ತ ದಾಸಿಯ ಹೆಸರಲ್ಲಿ ಇಲ್ಲ.

ಸರಿ, ಚಾ ನಮ್ಮ ಹಳ್ಳಿಗೆ ಹೇಗೆ ಬಂತು? ನಮ್ಮ ಅಜ್ಜಂದಿರ ಅಜ್ಜಂದಿರು ಮಜ್ಜಿಗೆ, ಅಂಬಲಿ ಕುಡಿದು ಬದುಕಿದವರು. ತೋಟದ ಮಾಲೀಕರಿಗೆ ಹೊರದೇಶದ ಮಾರುಕಟ್ಟೆ ಸಾಲದಾದಾಗ ಈ ದೇಶದವರಿಗೇ ಕುಡಿಸಬೇಕು ಅಂತ ಹೊಳೆಯಿತು. 1903ರಲ್ಲಿ ಟೀ ಸೆಸ್ ಕಾಯ್ದೆ ಮಾಡಿ, ಹೊರಗೆ ಹೋಗುವ ಚಾದ ಮೇಲೆ ಸುಂಕ ಎತ್ತಿ, ಆ ಹಣದಿಂದ ಪ್ರಚಾರ ಶುರು ಮಾಡಿದರು. 1930ರ ದಶಕದಲ್ಲಿ, ಜಗತ್ತಿನ ವ್ಯಾಪಾರ ಮುಗ್ಗರಿಸಿದಾಗ, ಪ್ರಚಾರ ಜೋರಾಯಿತು. ರೈಲ್ವೆ ಸ್ಟೇಷನ್ನುಗಳಲ್ಲಿ ಚಾ ಮಾಡುವುದು ಹೇಗೆ ಅಂತ ದೇಶಭಾಷೆಗಳಲ್ಲಿ ಫಲಕ. ಸಂತೆ, ಜಾತ್ರೆಗಳಲ್ಲಿ ಪುಕ್ಕಟೆ ಚಾ. ಕಂಪನಿಯವರಿಗೆ ಜಾತಿ ಬೇಕಾಗಿರಲಿಲ್ಲ, ಕಾಸು ಬೇಕಾಗಿತ್ತು. ಆದರೆ ಈ ದೇಶದಲ್ಲಿ ಇಳಿದ ಯಾವ ಪದಾರ್ಥ ಜಾತಿ ಕೆಡಿಸಿಕೊಳ್ಳದೆ ಉಳಿದಿದೆ? ಸ್ಟೇಷನ್ನುಗಳಲ್ಲಿ ಹಿಂದೂ ಚಾ, ಮುಸ್ಲಿಂ ಚಾ ಅಂತ ಕೂಗಿ ಮಾರುವುದು ಸ್ವಾತಂತ್ರ್ಯ ಬರುವ ತನಕ ನಡೆಯಿತು. ಎಲೆ ಒಂದೇ, ಹಾಲು ಒಂದೇ, ಕೂಗು ಎರಡು. ಆ ಎರಡು ಕೂಗಿನಲ್ಲೂ ನಮ್ಮವರಿಗೆ ಜಾಗ ಇರಲಿಲ್ಲ.

ಹಳ್ಳಿಯ ಹೋಟೆಲು ಅಂದರೆ ಏನು? ತಗಡಿನ ಚಪ್ಪರ, ಒಲೆ, ಎರಡು ಬಾಕು, ಒಂದು ಫರ್ಸಿ ಕಲ್ಲಿನ ಕಟ್ಟೆ. ಆ ಕಲ್ಲು ಗಣಿಯಿಂದ ಎಬ್ಬಿಸಿದವರು ನಮ್ಮವರು, ಕೂಡುವವರು ಬೇರೆಯವರು. ನಮ್ಮವರದು ಅಂಗಳ. ಗ್ವಾಡಿಗೆ ಹೊಡೆದ ಮೊಳೆಗೆ ನೇತುಹಾಕಿದ, ಇಲ್ಲವೆ ಸೂರಿನ ಸಂದಿಯಲ್ಲಿ ಸಿಕ್ಕಿಸಿದ ಗಿಲಾಸ ನಮ್ಮದು. ಕೆಲವು ಊರುಗಳಲ್ಲಿ ಅದೂ ಇಲ್ಲ, ತೆಂಗಿನ ಚಿಪ್ಪು. ಕಿವಿ ಮುರಿದ ಕಪ್ಪು ಸಿಕ್ಕರೆ ಪುಣ್ಯ. ತಾನೇ ಇಳಿಸಿಕೊಳ್ಳಬೇಕು, ತಾನೇ ತೊಳಕೊಂಡು ಕೆಳಗಿಡಬೇಕು. ಹೋಟೆಲಿನವನು ಮೇಲಿಂದ ಚಾ ಸುರಿಯಬೇಕು. ಕುಡಿದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ದುಡ್ಡು ಮಾತ್ರ ಪೂರಾ ಕೊಡಬೇಕು! ಒಂದು ಚಾಕ್ಕೆ ಎರಡು ಸಲ ಗಿಲಾಸ ತೊಳೆದವರ ಕೈಗೆ ಮೈಲಿಗೆ, ಒಂದು ಸಲವೂ ತೊಳೆಯದೆ ಎದ್ದು ಹೋದವರ ಕೈಗೆ ಮಡಿ.

ನಾನು ಆರು ಏಳು ವರ್ಷದವನಿದ್ದಾಗ ಸಂತೆಗೆ ಅಪ್ಪನ ಜೊತೆ ಹೋಗಿ, ಓಡಿ ಹೋಗಿ ಒಂದು ಹೋಟೆಲಿನ ಬಾಕಿನ ಮೇಲೆ ಕುಂತುಬಿಟ್ಟಿದ್ದೆ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. ಅವನು ಆ ಪರಿ ಎಳೆದದ್ದು ಅದೇ ಮೊದಲು. ಸಿಟ್ಟಿನಿಂದಲ್ಲ, ಅಂಜಿಕೆಯಿಂದ ಅಂತ ತಿಳಿಯಲಿಕ್ಕೆ ಬಹಳ ವರ್ಷ ಬೇಕಾದವು. ಮಕ್ಕಳ ಮುಂದೆ ತಾಯಿ-ತಂದೆ ಸಣ್ಣವರಾಗುವುದು, ಆ ಸಣ್ಣತನವನ್ನು ಮಕ್ಕಳಿಗೆ ತಾವೇ ಕಲಿಸಬೇಕಾಗುವುದು, ಈ ಎರಡು ಗಿಲಾಸದ ಪದ್ಧತಿಯ ಎಲ್ಲಕ್ಕಿಂತ ಕ್ರೂರವಾದ ಭಾಗ ಇದೇ ಅಂತ ನನಗೆ ಈಗಲೂ ಅನಿಸುತ್ತದೆ.

ಕಾನೂನು ಇರಲಿಲ್ಲ ಅಂತಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲಿನ ಹೆಸರು ಹಿಡಿದೇ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ, ಅಂದರೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಕರೆಯುವ ಅದೇ ಕಾಯ್ದೆಯಲ್ಲಿ, ಹೋಟೆಲಿನಲ್ಲಿ ಇಟ್ಟ ಪಾತ್ರೆ-ಪಡಗವನ್ನು ಬಳಸಲಿಕ್ಕೆ ಅಡ್ಡಿ ಮಾಡುವುದೂ ಅಪರಾಧ ಅಂತ ಬಿಡಿಸಿ ಬರೆದಿದೆ. ಒಂದು ದೇಶದ ಶಾಸನಸಭೆ ಕುಂತು ಕಪ್ಪು-ಬಶಿಯ ಬಗ್ಗೆ ಕಾನೂನು ಮಾಡಬೇಕಾಯಿತು ಅಂದರೆ ಆ ದೇಶದ ಗತಿ ಎಂಥದ್ದು ನೋಡಿರಿ. ಆ ಕಾನೂನನ್ನು ಕಾಗದದಿಂದ ಕೆಳಗಿಳಿಸಿದವರು 1970, 80ರ ದಶಕಗಳಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಹೋಟೆಲು ಹೊಕ್ಕ ದಲಿತ ಸಂಘರ್ಷ ಸಮಿತಿಯ ಹುಡುಗರು. ಒದೆ ತಿಂದರು, ಬಹಿಷ್ಕಾರ ಹಾಕಿಸಿಕೊಂಡರು. ಈ ಪುಟಗಳನ್ನು ಓದುವವರಿಗೆ ಆ ಕಥೆ ನಾನು ಹೇಳಬೇಕಾಗಿಲ್ಲ.

ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ಹೌದು, ಗಿಲಾಸ ಬದಲಾಗಿದೆ. ಈಗ ಕುಡಿದು ಬಿಸಾಡುವ ಕಪ್ಪು ಬಂದಿದೆ. ಗಾಜಿನ ಗಿಲಾಸ ಕೆಲವರಿಗೆ, ಬಿಸಾಡುವ ಕಪ್ಪು ನಮಗೆ. ಕೇಳಿದರೆ, ಇದು ಸ್ವಚ್ಛ, ಯಾರೂ ಮುಟ್ಟಿದ್ದಲ್ಲ ಅನ್ನುತ್ತಾರೆ. ಯಾರೂ ಮುಟ್ಟಿದ್ದಲ್ಲ ಅನ್ನುವ ಮಾತು ಎಷ್ಟು ನಯವಾಗಿದೆ!

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು, ಹುಡುಗಿಯ ಚಾ ಕೂಟ ಮಾಡೇಬಿಡೋಣ ಅಂತ ನಿಶ್ಚಯ ಮಾಡಿದೆವು. ರಟ್ಟಿಗೆ ಬಂಗಾರದ ಬಣ್ಣದ ಕಾಗದ ಅಂಟಿಸಿ ಮಕ್ಕಳೇ ಕಿರೀಟ ಕತ್ತರಿಸಿಕೊಂಡರು. ಹುಡುಗರೂ ಬೇಕು ಅಂದರು, ಅವರಿಗೂ ಆಯಿತು. ಒಬ್ಬ ತಂದೆ ಬಂದು, ಸರ, ಕಾಗದದ ಕಪ್ಪು ತಂದರೆ ಚಲೋ, ತೊಳೆಯೋ ಕೆಲಸ ಇರಂಗಿಲ್ಲ ಅಂದ. ಇಲ್ಲ, ಕಪ್ಪು-ಬಶಿಯೇ ಆಗಬೇಕು ಅಂದೆ. ಅವನಿಗೂ ನನಗೂ ನಡುವೆ ಇದ್ದದ್ದು ತೊಳೆಯುವ ಕೆಲಸದ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಚಾ ಮಾಡುವವಳು ನಮ್ಮ ಶಾಲೆಯ ಬಿಸಿಯೂಟದ ತಾಯಿ, ಕೇರಿಯವಳು. 2002ರಲ್ಲಿ ಅಕ್ಷರ ದಾಸೋಹ ಮೊದಲಿಗೆ ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲೇ. ಶರಣರ ಮಾತು ದಾಸೋಹ, ಹೆಸರು ಚಲೋ ಇಟ್ಟರು. ಆದರೆ ದಲಿತ ಹೆಂಗಸು ಅಡಿಗೆ ಮಾಡಿದಳು ಅಂತ ಮಕ್ಕಳನ್ನು ಊಟಕ್ಕೆ ಕಳಿಸದ ಸುದ್ದಿ ಕರ್ನಾಟಕದ ಎಷ್ಟು ಶಾಲೆಗಳಿಂದ ಬಂದಿಲ್ಲ? ನಮ್ಮಲ್ಲಿ ಮಕ್ಕಳು ಉಣ್ಣುತ್ತಾರೆ. ತಾಯಿ-ತಂದೆ ಏನು ಮಾಡುತ್ತಾರೆ ಅನ್ನುವುದು ಅವತ್ತಿನ ತನಕ ಪರೀಕ್ಷೆ ಆಗಿರಲಿಲ್ಲ.

ಸನ್ನತಿಯಲ್ಲಿ ಒಂದು ಬೇವಿನ ಮರದ ಕೆಳಗೆ ಒಲೆ ಹೂಡಿದೆವು. ನೀರು ಕಾಯುವ ತನಕ ನಾನು ಕಥೆ ಹೇಳಿದೆ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಒಂದು ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಎರಡೂ ಮೈಗೆ ಬ್ರಾಹ್ಮಿ ಅಕ್ಷರ. ಅಶೋಕನ 12ನೆಯ ಮತ್ತು 14ನೆಯ ಶಾಸನ, ಮತ್ತೆರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಮೊದಲು ಸಿಕ್ಕಿದ್ದದ್ದು ಧೌಲಿ, ಜೌಗಡಗಳಲ್ಲಿ. ಅಂದರೆ ಅಶೋಕ ರಕ್ತ ಹರಿಸಿ ಗೆದ್ದ ಕಳಿಂಗದಲ್ಲಿ. ಅವುಗಳಲ್ಲಿ ದೊರೆ ತನ್ನ ಅಧಿಕಾರಿಗಳಿಗೆ ಹೇಳುವುದು ಇಷ್ಟು: ಎಲ್ಲ ಮನುಷ್ಯರೂ ನನ್ನ ಮಕ್ಕಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಯಾವ ಸುಖ ಬಯಸುತ್ತೇನೋ ಅದನ್ನೇ ಎಲ್ಲರಿಗೂ ಬಯಸುತ್ತೇನೆ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ.

ಅಪ್ಪ ಅಂತ ಕರೆಸಿಕೊಂಡ ದೊರೆಗಳನ್ನು ನಾವು ಬಹಳ ನೋಡೀವಿ. ಜಹಗೀರದಾರನಿಗೂ ಮಾಯಿ-ಬಾಪ್ ಅಂತ ಕೈಮುಗಿದವರು ನಮ್ಮ ಹಿರಿಯರು. ಆದ್ದರಿಂದ ಅಶೋಕನ ಈ ಮಾತಿಗೆ ನಾನು ಕಣ್ಣು ಮುಚ್ಚಿ ತಲೆದೂಗುವವನಲ್ಲ. ಗೆದ್ದವನು ಸೋತವರಿಗೆ ಹೇಳಿದ ಮಾತು ಅದು. ಆದರೂ 'ಎಲ್ಲ' ಅಂತ ಬರೆಸಿದ. ಮೇಲಿನವರು ಕೆಳಗಿನವರು ಅಂತ ಬರೆಸಲಿಲ್ಲ. ಎರಡು ಸಾವಿರ ವರ್ಷದ ಮೇಲಾಯಿತು, ನಮ್ಮ ಕಾಲ ಕೆಳಗಿನ ಕಲ್ಲಿನಲ್ಲಿ ಆ ಮಾತು ಇತ್ತು. ನಂತರ ಬಂದವರು ಆ ಕಲ್ಲಿನ ನಟ್ಟನಡುವೆ ತೂತು ಕೊರೆದು, ಅಕ್ಷರ ಕೆಡಿಸಿ, ಪೀಠ ಮಾಡಿಕೊಂಡರು. ಓದಲಿಕ್ಕೆ ಬಾರದೆ ಮಾಡಿದರೋ, ಓದಿ ಮಾಡಿದರೋ.

ಹತ್ತಿರದ ಕನಗನಹಳ್ಳಿಯ ದೊಡ್ಡ ಸ್ತೂಪವನ್ನು 1990ರ ದಶಕದಲ್ಲಿ ಅಗೆದು ತೆಗೆದರು. ಅಲ್ಲಿ ಸಿಕ್ಕ ಒಂದು ಚಪ್ಪಡಿಯ ಚಿತ್ರ ಒಯ್ದಿದ್ದೆ. ದೊರೆ ನಿಂತಾನೆ, ಬಾಜೂಕ ರಾಣಿ. ಸುತ್ತ ಸೇವಕಿಯರು, ಒಬ್ಬಳ ಕೈಯಲ್ಲಿ ಛತ್ರಿ, ಉಳಿದವರ ಕೈಯಲ್ಲಿ ಚಾಮರ. ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಅಂತ ಹೆಸರು. ಅಶೋಕ ಸತ್ತು ಶತಮಾನಗಳಾದ ಮೇಲೆ ನಮ್ಮ ಸೀಮೆಯ ಕಲ್ಲುಕುಟಿಗರು ನಮ್ಮ ಸುಣ್ಣಕಲ್ಲಿನಲ್ಲೇ ಕೆತ್ತಿದ್ದು. ಹೆಸರು ಬರೆದ ಅಶೋಕನ ಮೂರ್ತಿ ಅಂತ ಈಗ ಲೋಕವೆಲ್ಲ ಇದನ್ನು ನೋಡಲಿಕ್ಕೆ ಬರುತ್ತದೆ. ನಮ್ಮ ಹುಡುಗಿ ಕಿರೀಟ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿ, "ಛತ್ರಿ ಹಿಡಿದಾಳಲ್ರಿ, ಅಕಿ ಹೆಸರು ಯಾಕ ಬರದಿಲ್ರಿ?" ಅಂದಳು.

ನಾನು ಅದಕ್ಕೆ, ಅದೇ ಸ್ತೂಪದ ಬೇರೆ ಕಲ್ಲುಗಳಲ್ಲಿ ದಾನ ಕೊಟ್ಟವರ ಹೆಸರುಗಳಿವೆ. ಅವರಲ್ಲಿ ದೊರೆಗಳಲ್ಲದ ಗೃಹಸ್ಥರು, ಭಿಕ್ಷುಣಿಯರು, ಸಾಮಾನ್ಯ ಹೆಣ್ಣುಮಕ್ಕಳೂ ಇದ್ದಾರೆ ಅಂತ ಹೇಳಿದೆ. ಅದು ನಿಜ. ಆದರೆ ಅಕಿ ಕೇಳಿದ್ದು ಛತ್ರಿಯವಳನ್ನು.

ಚಾ ಆಯಿತು. ಫರ್ಸಿಯ ಮೇಲೆ ಸಾಲಾಗಿ ಕುಂತರು, ಮಕ್ಕಳ ಬಾಜೂಕ ಅವರವರ ಅಪ್ಪ ಅವ್ವ. ಬಿಸಿಯೂಟದ ತಾಯಿ ಕೆಟಲಿ ಹಿಡಿದು ಹೊರಟಾಗ ನಾನು, ನೀ ಕೂಡವ್ವ, ಕುದಿಸಿದ್ದು ಸಾಕು ಅಂದು ಕೆಟಲಿ ಇಸಿದುಕೊಂಡೆ. ಮಾಸ್ತರರಿಬ್ಬರೂ ಬಗ್ಗಿ ಬಗ್ಗಿ ಚಾ ಹಾಕಿದೆವು. ಹುಡುಗಿಯ ಮೊಬೈಲಿನ ಚಿತ್ರದಲ್ಲಿ ಇದ್ದ ಹಂಗೇ. ಹೊಟ್ಟೆಗೆ ಹಿಟ್ಟಿಲ್ಲ ಅಂದಿದ್ದ ಮಾಸ್ತರರೇ ಎಲ್ಲರಿಗಿಂತ ಜಾಸ್ತಿ ಬಗ್ಗಿದರು. ಇಬ್ಬರು ತಂದೆಯರು ಮಾತ್ರ ಕಪ್ಪಿಗೆ ಕೈ ಅಡ್ಡ ಹಿಡಿದರು. ಒಬ್ಬನಿಗೆ ಪಿತ್ತ ಆಗಿತ್ತಂತೆ. ಇನ್ನೊಬ್ಬ ಏನೂ ಹೇಳಲಿಲ್ಲ, ನದಿಯ ಕಡೆ ನೋಡಿದ. ಅವನ ಮಗಳು ತನ್ನ ಕಪ್ಪು ಮುಗಿಸಿ, ಅಪ್ಪನ ಕಪ್ಪೂ ನನಗ ಹಾಕ್ರಿ ಸರ ಅಂದಳು. ಹಾಕಿದೆ. ಕುಡಿದಳು. ಅಪ್ಪ ಬೇಡ ಅನ್ನಲಿಲ್ಲ.

ನಮ್ಮ ಹುಡುಗಿಯ ಮುತ್ಯಾ ಸಾಲಿನ ತುದಿಯಲ್ಲಿ, ಸ್ವಲ್ಪ ದೂರ ಬಿಟ್ಟು ಕುಂತಿದ್ದ. ತನ್ನ ಚೀಲದಿಂದ ಮನೆಯಿಂದ ತಂದ ಗಿಲಾಸ ತೆಗೆದು ಮುಂದೆ ಇಟ್ಟುಕೊಂಡಿದ್ದ. ಯಾರೂ ತರಲಿಕ್ಕೆ ಹೇಳಿರಲಿಲ್ಲ. ಮೊಮ್ಮಗಳು ಎದ್ದು ಹೋಗಿ ಒಂದು ಕಪ್ಪು-ಬಶಿ ಅವನ ಮುಂದೆ ಇಟ್ಟಳು. ಚಾ ಹಾಕಿದೆ. ಬಶಿಗೆ ಬಗ್ಗಿಸಿಕೊಂಡು, ಊದಿ ಊದಿ ಕುಡಿದ. ಕುಡಿದ ಮೇಲೆ ಕಪ್ಪು-ಬಶಿ ಎತ್ತಿಕೊಂಡು ಕೊಡದ ಹತ್ತಿರ ಹೋಗಿ ತೊಳೆದ. ತೊಳೆದು, ನಿಂತಲ್ಲೇ ಅತ್ತಿತ್ತ ನೋಡಿ, "ಎಲ್ಲಿ ಇಡಲಿ ಮಾಸ್ತರ?" ಅಂದ.